ನೌಕರರ ಮನೆಮಂದಿಯ ದೇಹಾರೋಗ್ಯಕ್ಕೆ ಸಂಸ್ಥೆ ಏನು ಮಾಡಬಹುದು: ಮಲೆನಾಡಿನ ಉದ್ಯೋಗದಾತರಿಗೆ ಕೈಪಿಡಿ

ನೌಕರರ ಯೋಗಕ್ಷೇಮ ಎಂದ ಕೂಡಲೇ ನಮ್ಮ ಕಡೆಯ ಅನೇಕ ಸಂಸ್ಥೆಗಳಿಗೆ ನೆನಪಾಗುವುದು ಎರಡು ಕಾರ್ಯಕ್ರಮ: ಜೂನ್ 21ರ ಯೋಗ ದಿನಾಚರಣೆ ಮತ್ತು ವರ್ಷಕ್ಕೊಮ್ಮೆ ನಡೆಯುವ ಆರೋಗ್ಯ ತಪಾಸಣಾ ಶಿಬಿರ. ಎರಡೂ ಬೇಕಾದವೇ. ಆದರೆ ಶಿವಮೊಗ್ಗದ ಹತ್ತಿರದ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ತಾಯಿಯೊಬ್ಬರು ಸಂಜೆ ಎಷ್ಟು ಗಂಟೆಗೆ ಮನೆ ಸೇರುತ್ತಾರೆ, ಆ ಹೊತ್ತಿಗೆ ಅವರ ಮಕ್ಕಳು ಬಯಲಿನಲ್ಲಿ ಆಡುತ್ತಿರುತ್ತಾರೋ ಮೊಬೈಲ್ ಹಿಡಿದು ಕುಳಿತಿರುತ್ತಾರೋ, ಮನೆಯಲ್ಲಿರುವ ಅತ್ತೆ ಮಾವ ಅಂಗಳದಾಚೆ ಕಾಲಿಡುತ್ತಾರೋ ಇಲ್ಲವೋ ಎಂಬ ಸಂಗತಿಗಳನ್ನು ಈ ಎರಡು ಕಾರ್ಯಕ್ರಮಗಳು ಮುಟ್ಟುವುದೇ ಇಲ್ಲ. ಕುಟುಂಬದ ದೇಹಾರೋಗ್ಯ ನಿರ್ಧಾರವಾಗುವುದು ಸಂಜೆ ಐದರಿಂದ ರಾತ್ರಿ ಒಂಬತ್ತರ ನಡುವೆ; ಆ ಅವಧಿಯ ಮೇಲೆ ಮನೆಯವರಿಗಿಂತ ಹೆಚ್ಚಿನ ಹಿಡಿತ ಇರುವುದು ಪಾಳಿಯ ವೇಳಾಪಟ್ಟಿ ಬರೆಯುವವರಿಗೆ. ಈ ಕೈಪಿಡಿ ಹೊರಡುವುದು ಅಲ್ಲಿಂದ.

ಸಂಸ್ಥೆಯವರು ಹಣ ಹಾಕುವ ಮೊದಲು ತಿಳಿದಿರಬೇಕಾದ ಒಂದು ವಿಷಯವಿದೆ. ಕೆಲಸದ ಸ್ಥಳದ ಆರೋಗ್ಯ ಕಾರ್ಯಕ್ರಮಗಳು ನಿಜಕ್ಕೂ ಫಲ ಕೊಡುತ್ತವೆಯೇ ಎಂದು ಅಮೆರಿಕದಲ್ಲಿ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿ ನೋಡಲಾಗಿದೆ. 2019ರಲ್ಲಿ ‘ಜಾಮಾ’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಮಾರಾಟ ಸಂಸ್ಥೆಯೊಂದರ ಸುಮಾರು 33,000 ನೌಕರರನ್ನು ಒಳಗೊಂಡಿತ್ತು. 18 ತಿಂಗಳ ನಂತರ, ಕಾರ್ಯಕ್ರಮವಿದ್ದ ಮಳಿಗೆಗಳಲ್ಲಿ ‘ನಾವು ನಿಯಮಿತವಾಗಿ ವ್ಯಾಯಾಮ ಮಾಡುತ್ತೇವೆ’ ಎನ್ನುವವರ ಸಂಖ್ಯೆ ಹೆಚ್ಚಿತ್ತಾದರೂ ರಕ್ತದೊತ್ತಡ, ಕೊಲೆಸ್ಟ್ರಾಲ್, ವೈದ್ಯಕೀಯ ಖರ್ಚು, ಗೈರುಹಾಜರಿ ಇವುಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇಲಿನಾಯ್ ವಿಶ್ವವಿದ್ಯಾಲಯದ ನೌಕರರ ಮೇಲೆ ನಡೆದ ಇನ್ನೊಂದು ಪ್ರಯೋಗದಲ್ಲಿ, ಇಂಥ ಕಾರ್ಯಕ್ರಮಕ್ಕೆ ಉತ್ಸಾಹದಿಂದ ಸೇರುವವರು ಮೊದಲೇ ಆರೋಗ್ಯವಾಗಿರುವವರು ಎಂಬುದು ಕಂಡುಬಂತು. ಬೆಳಗಿನ ಜಾವ ನೆಹರು ಕ್ರೀಡಾಂಗಣದಲ್ಲಿ ಸುತ್ತು ಹೊಡೆಯುವವರಿಗೇ ಸಂಸ್ಥೆ ಇನ್ನೊಂದು ಟೀ ಶರ್ಟು ಕೊಟ್ಟಂತೆ. ಭಾಷಣ, ಆ್ಯಪ್, ಬಹುಮಾನ ಇವಿಷ್ಟನ್ನೇ ನಂಬಿದರೆ ನಮ್ಮಲ್ಲಿಯೂ ಅದಕ್ಕಿಂತ ಬೇರೆ ಫಲ ನಿರೀಕ್ಷಿಸುವಂತಿಲ್ಲ. ಹಾಗೆಂದು ಕೈಬಿಡುವ ಅಗತ್ಯವೂ ಇಲ್ಲ. ಸಂಸ್ಥೆಯ ಕೈಯಲ್ಲಿರುವ ಹೊತ್ತು, ಊಟ, ಜಾಗ ಈ ಮೂರನ್ನು ಬದಲಿಸಬೇಕು, ನೌಕರರನ್ನು ಬದಲಿಸಲು ಹೊರಡಬಾರದು.

ಮೊದಲು ಕೇಳಿ ತಿಳಿಯುವುದು

ಕಾರ್ಯಕ್ರಮ ರೂಪಿಸುವ ಮುನ್ನ ಒಂದೇ ಪುಟದ ಪ್ರಶ್ನಾವಳಿಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ, ಹೆಸರು ಬರೆಯದೆ ತುಂಬುವಂತೆ ಹಂಚಬೇಕು. ಓದು ಬರಹ ಕಷ್ಟವಾದವರಿಗೆ ಸಹೋದ್ಯೋಗಿಯೊಬ್ಬರು ಓದಿ ಹೇಳಲಿ. ಮೇಲ್ವಿಚಾರಕರು ಆ ಕೆಲಸಕ್ಕೆ ಕೂರುವುದು ಬೇಡ. ‘ನೀವು ವ್ಯಾಯಾಮ ಮಾಡುತ್ತೀರಾ’ ಎಂದು ಕೇಳಿದರೆ ಎಲ್ಲರೂ ಹೌದು ಎನ್ನುತ್ತಾರೆ. ಅದರ ಬದಲು ನಿನ್ನೆ ಸಂಜೆ ಎಷ್ಟು ಗಂಟೆಗೆ ಮನೆ ಸೇರಿದಿರಿ, ರಾತ್ರಿ ಊಟ ಎಷ್ಟು ಹೊತ್ತಿಗಾಯಿತು, ಶಾಲೆ ಬಿಟ್ಟ ಮೇಲೆ ಮಕ್ಕಳು ಯಾರ ಜೊತೆ ಇರುತ್ತಾರೆ, ಮನೆಯ ಹತ್ತಿರ ಆಡಲು ಜಾಗವಿದೆಯೇ, ಮನೆಯಲ್ಲಿ ಬಿಪಿ ಅಥವಾ ಶುಗರ್ ಮಾತ್ರೆ ತೆಗೆದುಕೊಳ್ಳುವವರು ಇದ್ದಾರೆಯೇ, ವಾರದ ಯಾವ ಹೊತ್ತು ಮನೆಮಂದಿಯೆಲ್ಲ ಒಟ್ಟಿಗೆ ಇರುತ್ತೀರಿ ಎಂಬಂಥ ಪ್ರಶ್ನೆಗಳನ್ನು ಕೇಳಿದರೆ ಉಪಯೋಗಕ್ಕೆ ಬರುವ ಉತ್ತರ ಸಿಗುತ್ತದೆ. ಕೊನೆಯ ಪ್ರಶ್ನೆಗೆ ‘ಯಾವಾಗಲೂ ಇಲ್ಲ’ ಎಂಬ ಉತ್ತರಗಳು ಹೆಚ್ಚಿದ್ದರೆ, ಸಂಸ್ಥೆ ಕ್ರೀಡಾಕೂಟದ ಯೋಚನೆ ಬದಿಗಿಟ್ಟು ಪಾಳಿಯ ಪಟ್ಟಿಯನ್ನು ಮುಂದಿಟ್ಟುಕೊಳ್ಳಬೇಕು.

ಕುಟುಂಬ ಎಂದರೆ ಯಾರು ಎಂಬುದನ್ನೂ ನೌಕರರೇ ಹೇಳಲಿ. ಹೊಸನಗರ, ತೀರ್ಥಹಳ್ಳಿಯ ಕಡೆಯ ಹುಡುಗಿಯರು ಶಿವಮೊಗ್ಗದಲ್ಲಿ ನಾಲ್ಕೈದು ಮಂದಿ ಸೇರಿ ಬಾಡಿಗೆ ಕೋಣೆ ಮಾಡಿಕೊಂಡಿರುತ್ತಾರೆ. ಫೌಂಡ್ರಿಗಳಲ್ಲಿ ದುಡಿಯಲು ಹೊರರಾಜ್ಯಗಳಿಂದ ಬಂದವರ ಹೆಂಡತಿ ಮಕ್ಕಳು ಸಾವಿರಾರು ಕಿಲೋಮೀಟರ್ ದೂರದಲ್ಲಿರುತ್ತಾರೆ. ಗಂಡ, ಹೆಂಡತಿ, ಇಬ್ಬರು ಮಕ್ಕಳು ಎಂದು ಬರೆದಿಟ್ಟ ಯೋಜನೆಯಲ್ಲಿ ಇವರಿಗೆ ಜಾಗವೇ ಇರುವುದಿಲ್ಲ. ಒಂದೇ ಕೋಣೆಯಲ್ಲಿ ಅಡುಗೆ ಮಾಡಿ ಉಣ್ಣುವವರೆಲ್ಲ ಒಂದು ಮನೆ ಎಂದು ಇಟ್ಟುಕೊಂಡರೆ ಸಾಕು.

ಕೆಲಸದ ಸ್ವರೂಪವನ್ನು ನೋಡದೆ ಎಲ್ಲರಿಗೂ ಒಂದೇ ವ್ಯಾಯಾಮ ಹೇಳುವುದು ಇನ್ನೊಂದು ದೋಷ. ಕರಗಿದ ಕಬ್ಬಿಣದ ಬಿಸಿಯೆದುರು ಎಂಟು ಗಂಟೆ ನಿಂತವರಿಗೆ, ಅಡಿಕೆ ಮಂಡಿಯಲ್ಲಿ ದಿನವಿಡೀ ಮೂಟೆ ಹೊತ್ತ ಹಮಾಲರಿಗೆ ‘ಹತ್ತು ಸಾವಿರ ಹೆಜ್ಜೆ ನಡೆಯಿರಿ’ ಎಂದು ಹೇಳುವುದು ಅವರ ದುಡಿಮೆಗೆ ಮಾಡುವ ಅವಮಾನ. ಅವರಿಗೆ ಬೇಕಾದದ್ದು ವಿಶ್ರಾಂತಿ, ನೀರು, ಸೊಂಟಕ್ಕೆ ಪೆಟ್ಟಾಗದಂತೆ ಭಾರ ಎತ್ತುವ ಕ್ರಮ, ಮೈ ಸಡಿಲಿಸುವ ಸರಳ ಚಲನೆಗಳು. ಬ್ಯಾಂಕು, ಸಹಕಾರ ಸಂಘ, ಆಸ್ಪತ್ರೆಯ ಬಿಲ್ಲಿಂಗ್ ವಿಭಾಗ, ಗಾರ್ಮೆಂಟ್ಸ್‌ನ ಹೊಲಿಗೆ ಸಾಲು ಇಂಥ ಕಡೆ ಕುಳಿತೇ ದುಡಿಯುವವರ ಸಮಸ್ಯೆ ಬೇರೆ. ಕೊರೋನಾ ನಂತರ ಊರಿನ ಮನೆಯಲ್ಲೇ ಲ್ಯಾಪ್‌ಟಾಪ್ ಹಿಡಿದು ಕುಳಿತ ಐಟಿ ನೌಕರರದ್ದು ಮೂರನೆಯ ಬಗೆ: ಅವರು ಕುಟುಂಬದ ಜೊತೆಯೇ ಇದ್ದರೂ ಕುಟುಂಬಕ್ಕೆ ಸಿಗುವುದಿಲ್ಲ.

ಹೊತ್ತನ್ನು ಬಿಟ್ಟುಕೊಡುವುದು

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮದ ಚಟುವಟಿಕೆ ಮತ್ತು ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕು. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಬೇಕು. 65 ದಾಟಿದವರು ಇವುಗಳ ಜೊತೆಗೆ ವಾರದಲ್ಲಿ ಮೂರು ದಿನವಾದರೂ ದೇಹದ ಸಮತೋಲನ ಕಾಯುವ ಅಭ್ಯಾಸ ಮಾಡಬೇಕು. ಒಂದೇ ಮನೆಯ ಮೂರು ತಲೆಮಾರಿಗೆ ಮೂರು ಲೆಕ್ಕ. ಇವು ಮೂರೂ ಕೂಡಿಬರಬಹುದಾದ ಹೊತ್ತು ಸಂಜೆಯ ಬೆಳಕಿರುವಾಗ ಮಾತ್ರ. ಶಾಲೆ ಬಿಡುವುದು ನಾಲ್ಕು, ನಾಲ್ಕೂವರೆಗೆ. ಡಿಸೆಂಬರಿನಲ್ಲಿ ಆರು ದಾಟುತ್ತಲೇ ಕತ್ತಲಾಗುತ್ತದೆ. ಐದೂವರೆಗೆ ಪಾಳಿ ಮುಗಿಸಿ, ಕಂಪನಿಯ ಬಸ್ಸು ಹತ್ತಿ, ಊರೂರು ಸುತ್ತಿ ಏಳಕ್ಕೆ ಇಳಿಯುವವರಿಗೆ ಮಕ್ಕಳ ಜೊತೆ ಆಡಿ ಎಂದು ಹೇಳುವುದರಲ್ಲಿ ಅರ್ಥವಿಲ್ಲ.

ಆದ್ದರಿಂದ ಮೊದಲ ಹೆಜ್ಜೆಯಾಗಿ ವಾರದಲ್ಲಿ ಒಂದು ದಿನ ಅರ್ಧ ಗಂಟೆ ಮೊದಲೇ, ಸಂಬಳ ಕಡಿಯದೆ, ನೌಕರರನ್ನು ಬಿಡುವ ಪದ್ಧತಿಯನ್ನು ಪ್ರಾರಂಭಿಸಬೇಕು. 60 ಮಂದಿ ದುಡಿಯುವ ಘಟಕದಲ್ಲಿ ಇದು ವಾರಕ್ಕೆ 30 ಗಂಟೆಗಳ ದುಡಿಮೆ. 48 ಗಂಟೆಗಳ ವಾರದ ಲೆಕ್ಕದಲ್ಲಿ ಒಟ್ಟು 2,880 ಗಂಟೆಗಳ ಪೈಕಿ 30, ಅಂದರೆ ನೂರಕ್ಕೆ ಒಂದು ಪಾಲು. ಗೈರುಹಾಜರಿಯಿಂದ ಹೋಗುವ ಗಂಟೆಗಳ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ ಆಡಳಿತ ಮಂಡಳಿಯನ್ನು ಒಪ್ಪಿಸುವುದು ಅಷ್ಟೇನೂ ಕಷ್ಟವಲ್ಲ. ಕಷ್ಟವಿರುವುದು ಬೇರೆಡೆ. ಗಾರ್ಮೆಂಟ್ಸ್‌ನಲ್ಲಿ ಆ ದಿನದ ಟಾರ್ಗೆಟ್ ಇಳಿಸದೆ ಅರ್ಧ ಗಂಟೆ ಬಿಡುವು ಘೋಷಿಸಿದರೆ, ಆ ಅರ್ಧ ಗಂಟೆಯನ್ನು ಊಟದ ಬಿಡುವಿನಿಂದಲೋ ಶೌಚಕ್ಕೆ ಹೋಗುವ ಹೊತ್ತಿನಿಂದಲೋ ಕಿತ್ತುಕೊಳ್ಳಲಾಗುತ್ತದೆ. ಹೀಗಾಗಿ ಬಿಡುವಿನ ಆದೇಶ ಮತ್ತು ಟಾರ್ಗೆಟ್ ಇಳಿಸಿದ ಆದೇಶ ಒಂದೇ ಹಾಳೆಯಲ್ಲಿ ಬರಬೇಕು. ಹಾಗೆಯೇ ಲೈನ್ ಸೂಪರ್‌ವೈಸರ್ ತಾನು ಎದ್ದು ಹೊರಡದಿದ್ದರೆ ಕೈಕೆಳಗಿನವರು ಯಾರೂ ಏಳುವುದಿಲ್ಲ. ಅವರನ್ನೇ ಮೊದಲು ಹೊರಡಿಸಬೇಕು, ಬಸ್ಸೂ ಅರ್ಧ ಗಂಟೆ ಮೊದಲೇ ಗೇಟಿನಲ್ಲಿ ನಿಂತಿರಬೇಕು.

ಸೂಚನಾ ಫಲಕದ ಬರಹ ಸರಳವಾಗಿರಲಿ. ಉದಾಹರಣೆಗೆ ಹೀಗೆ ಬರೆಯಬಹುದು: ‘ಎಲ್ಲ ನೌಕರರ ಗಮನಕ್ಕೆ. ಮುಂದಿನ ವಾರದಿಂದ ಪ್ರತಿ ಬುಧವಾರ ಸಂಜೆ 5 ಗಂಟೆಗೇ ಕೆಲಸ ನಿಲ್ಲುತ್ತದೆ. ಸಂಬಳದಲ್ಲಿ ಕಡಿತವಿಲ್ಲ. ಅಂದಿನ ಟಾರ್ಗೆಟ್ ಅಷ್ಟರ ಮಟ್ಟಿಗೆ ಕಡಿಮೆ ಮಾಡಲಾಗಿದೆ. ಬಸ್ಸು 5.10ಕ್ಕೆ ಹೊರಡುತ್ತದೆ. ಈ ಹೊತ್ತನ್ನು ಮನೆಯವರೊಂದಿಗೆ ನಡೆಯಲು, ಆಡಲು ಬಳಸಿಕೊಂಡರೆ ನಮಗೆ ಸಂತೋಷ; ಹೇಗೆ ಬಳಸಿದಿರಿ ಎಂದು ಯಾರೂ ಕೇಳುವುದಿಲ್ಲ.’ ಕೊನೆಯ ವಾಕ್ಯವನ್ನು ಬಿಡಬಾರದು. ಲೆಕ್ಕ ಕೇಳಿದರೆ ಬಿಡುವೂ ಒಂದು ಕೆಲಸವಾಗಿಬಿಡುತ್ತದೆ. ಕೆಲವರು ಆ ಹೊತ್ತಿನಲ್ಲಿ ಮಲಗಬಹುದು. ಮಲಗಲಿ, ನಿದ್ದೆಗೆಟ್ಟ ದೇಹಕ್ಕೆ ವ್ಯಾಯಾಮಕ್ಕಿಂತ ಮೊದಲು ಬೇಕಾದದ್ದು ಅದೇ.

ಭಾನುವಾರವನ್ನು ಮುಟ್ಟಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕಾರ್ಖಾನೆಗೆ ಹೋಗುವ ಹೆಣ್ಣುಮಗಳಿಗೆ ಭಾನುವಾರವೆಂದರೆ ಒಂದು ವಾರದ ಬಟ್ಟೆ, ಸಂತೆ, ನೆಂಟರ ಮನೆಯ ಕಾರ್ಯ. ಅಂದು ಬೆಳಿಗ್ಗೆ ಏಳಕ್ಕೆ ‘ಕುಟುಂಬ ಸಮೇತ ವಾಕಥಾನ್‌ಗೆ ಬನ್ನಿ’ ಎಂದು ಕರೆದರೆ ಅದು ಅವರ ಪಾಲಿಗೆ ಆರೋಗ್ಯ ಕಾರ್ಯಕ್ರಮವಲ್ಲ, ಏಳನೆಯ ದಿನದ ಡ್ಯೂಟಿ. ಓವರ್‌ಟೈಮ್ ಇದ್ದರೆ ಅದನ್ನು ಹಿಂದಿನ ದಿನವೇ ತಿಳಿಸುವ ನಿಯಮವನ್ನಾದರೂ ಜಾರಿಗೆ ತಂದರೆ, ಮನೆಯಲ್ಲಿ ಮಾಡಿಕೊಂಡ ಸಣ್ಣಪುಟ್ಟ ಏರ್ಪಾಡುಗಳು ಕೆಡುವುದಿಲ್ಲ. ಇದಕ್ಕೆ ಒಂದು ರೂಪಾಯಿಯ ಖರ್ಚೂ ಇಲ್ಲ.

ಮಲೆನಾಡಿನ ಋತುಗಳಿಗೆ ತಕ್ಕ ಚಟುವಟಿಕೆ

ಬೆಂಗಳೂರಿನ ಕಚೇರಿಗಳಿಗಾಗಿ ಬರೆದ ಯೋಜನೆಯನ್ನು ಇಲ್ಲಿಗೆ ತಂದರೆ ಜೂನ್ ಎರಡನೆಯ ವಾರಕ್ಕೇ ಅದು ಮಳೆಯಲ್ಲಿ ತೊಯ್ದುಹೋಗುತ್ತದೆ. ಮಲೆನಾಡಿನಲ್ಲಿ ವರ್ಷವನ್ನು ಕನಿಷ್ಠ ಮೂರು ಭಾಗ ಮಾಡಿಕೊಳ್ಳಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಾಂಗಣವನ್ನು ಮರೆಯುವುದೇ ಒಳ್ಳೆಯದು. ಶಾಲೆಗಳಿಗೆ ಜಿಲ್ಲಾಡಳಿತ ಮಳೆ ರಜೆ ಘೋಷಿಸುವ ದಿನಗಳಲ್ಲಿ ಮಕ್ಕಳು ಮನೆಯೊಳಗೇ ಉಳಿಯುತ್ತಾರೆ, ದೊಡ್ಡವರು ಕಂಬಳಿ ಹೊದ್ದು ಟಿವಿ ಮುಂದೆ ಕೂರುತ್ತಾರೆ. ಈ ಕಾಲಕ್ಕೆ ಒಳಾಂಗಣದಲ್ಲಿ ಮಾಡಬಹುದಾದ್ದನ್ನು ಕಲಿಸಬೇಕು: ಸೂರ್ಯನಮಸ್ಕಾರ, ಸ್ಕಿಪ್ಪಿಂಗ್, ಕೋಲಾಟ, ಗೋಡೆಗೆ ಕೈಕೊಟ್ಟು ಮಾಡುವ ದಂಡ. ಸಂಸ್ಥೆಯ ಗೋದಾಮಿನಲ್ಲೋ ಊಟದ ಕೋಣೆಯಲ್ಲೋ ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ಕಲಿಸಿ, ಮನೆಗೊಂದು ಸ್ಕಿಪ್ಪಿಂಗ್ ಹಗ್ಗ ಕೊಟ್ಟು ಕಳುಹಿಸಿದರೆ, ಅದು ಟೀ ಶರ್ಟಿಗಿಂತ ಹೆಚ್ಚು ಉಪಯೋಗಕ್ಕೆ ಬರುವ ಉಡುಗೊರೆ. ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವ ಹಿರಿಯರ ವಿಷಯವನ್ನು ನೌಕರರಿಗೆ ವಿಶೇಷವಾಗಿ ತಿಳಿಸಬೇಕು. ಗೋಡೆ ಹಿಡಿದು ಒಂದೊಂದೇ ಕಾಲಿನ ಮೇಲೆ ಹತ್ತು ಎಣಿಸುವವರೆಗೆ ನಿಲ್ಲುವುದು, ಕೈಯೂರದೆ ಕುರ್ಚಿಯಿಂದ ಎದ್ದು ಕೂರುವುದು, ಹಿಮ್ಮಡಿಗೆ ಬೆರಳು ತಾಗಿಸುತ್ತ ನೇರ ಗೆರೆಯಲ್ಲಿ ನಡೆಯುವುದು, ಈ ಮೂರನ್ನು ಮೊಮ್ಮಕ್ಕಳು ಅಜ್ಜ ಅಜ್ಜಿಗೆ ಆಟದಂತೆ ಮಾಡಿಸಬಹುದು. ನೌಕರರು ಇದನ್ನು ಕಾರ್ಖಾನೆಯಲ್ಲಿ ಕಲಿತು ಮನೆಗೆ ಒಯ್ಯಲಿ.

ದಸರಾದಿಂದ ಜನವರಿಯವರೆಗಿನ ಕಾಲವೇ ಮಲೆನಾಡಿನಲ್ಲಿ ಹೊರಗೆ ಓಡಾಡಲು ಹೇಳಿಮಾಡಿಸಿದ ಹೊತ್ತು. ಕಾರ್ಯಕ್ರಮದ ಉದ್ಘಾಟನೆಗೆ ಆಯುಧಪೂಜೆಗಿಂತ ಒಳ್ಳೆಯ ದಿನ ಇನ್ನೊಂದಿಲ್ಲ. ಯಂತ್ರಗಳಿಗೆ ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆದು, ಮನೆಮಂದಿಯೆಲ್ಲ ಹೊಸ ಬಟ್ಟೆಯುಟ್ಟು ಕಾರ್ಖಾನೆಗೆ ತಾವಾಗಿಯೇ ಬರುವ ದಿನ ಅದು. ಕರೆಯದೆ ಬರುವವರನ್ನು ಇನ್ನೊಂದು ದಿನ ಕರೆದು ಕಾಡುವ ಅಗತ್ಯವಿಲ್ಲ. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಲಗೋರಿ, ಹಗ್ಗಜಗ್ಗಾಟ, ಕುಂಟೆಬಿಲ್ಲೆ ಇಟ್ಟರೆ ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರಿಗೂ ಒಂದೊಂದು ಆಟ ಸಿಗುತ್ತದೆ. ನಂತರದ ವಾರಗಳಲ್ಲಿ ಸಂಜೆ ವಾಲಿಬಾಲ್ ನೆಟ್ ಕಟ್ಟುವುದು ನಮ್ಮ ಊರುಗಳಲ್ಲಿ ಹೊಸದೇನಲ್ಲ. ಆದರೆ ಅದು ಗಂಡಸರ ಆಟವಾಗಿಯೇ ಉಳಿದಿದೆ. ಬಯಲಿನ ಅರ್ಧವನ್ನು ಹೆಂಗಸರ ಥ್ರೋಬಾಲ್‌ಗೂ ಮಕ್ಕಳಿಗೂ ಮೊದಲೇ ಗೆರೆ ಎಳೆದು ಬಿಟ್ಟುಕೊಡದಿದ್ದರೆ ಅವರು ಬದಿಯಲ್ಲಿ ಕುಳಿತು ಚಪ್ಪಾಳೆ ತಟ್ಟುವುದಷ್ಟೇ ಆಗುತ್ತದೆ. ಇದೇ ತಿಂಗಳುಗಳಲ್ಲಿ ಅಡಿಕೆ ಕೊಯ್ಲೂ ಇರುತ್ತದೆ. ಮನೆಯಲ್ಲಿ ತೋಟವಿರುವ ನೌಕರರು ರಜೆ ಹಾಕಿ ಊರಿಗೆ ಹೋಗುತ್ತಾರೆ, ರಾತ್ರಿಯವರೆಗೆ ಸುಲಿಯುತ್ತಾರೆ. ಅವರ ಪಾಲಿಗೆ ಅಷ್ಟು ದಿನ ಬೇರೆ ವ್ಯಾಯಾಮದ ಮಾತು ಎತ್ತುವುದು ಬೇಡ.

ಗುಡ್ಡ ಹತ್ತಿಸುವ ಉಮೇದು ಎಲ್ಲ ಸಂಸ್ಥೆಗಳಿಗೂ ಇರುತ್ತದೆ. ಇಲ್ಲಿ ಎಚ್ಚರ ಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯದಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಉಣುಗುಗಳ ಮೂಲಕ ಹರಡುತ್ತದೆ. ಡಿಸೆಂಬರಿನಿಂದ ಮೇವರೆಗೆ, ಅಂದರೆ ಚಾರಣಕ್ಕೆ ಹಿತವೆನಿಸುವ ಒಣ ಕಾಲದಲ್ಲಿಯೇ, ಅದರ ಭಯ ಹೆಚ್ಚು. ಆ ತಿಂಗಳುಗಳಲ್ಲಿ ಕುಟುಂಬಗಳನ್ನು ಕಾಡಿನ ಕಾಲುದಾರಿಗೆ ಕರೆದೊಯ್ಯುವ ಮುನ್ನ ಆ ಭಾಗದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ವಿಚಾರಿಸಲೇಬೇಕು. ಸೋಂಕು ಅಥವಾ ಮಂಗಗಳ ಸಾವು ವರದಿಯಾದ ಕಡೆ ಹೋಗಲೇಬಾರದು. ಹೋಗುವುದಾದರೆ ಮೈತುಂಬ ಬಟ್ಟೆ, ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಹಂಚುವ ಡೇಪಾ ತೈಲ, ಮರಳಿ ಬಂದ ಮೇಲೆ ಬಿಸಿನೀರಿನ ಸ್ನಾನ, ಬಟ್ಟೆ ಒಗೆಯುವುದು, ಮಕ್ಕಳ ಕಿವಿಯ ಹಿಂದೆ, ತೊಡೆಯ ಸಂದಿಯಲ್ಲಿ ಉಣುಗು ಕಚ್ಚಿಕೊಂಡಿದೆಯೇ ಎಂದು ನೋಡುವುದು ಇವಿಷ್ಟನ್ನು ಮೊದಲೇ ತಿಳಿಸಿರಬೇಕು. ಮುಂದಿನ ಎರಡು ವಾರಗಳೊಳಗೆ ಯಾರಿಗಾದರೂ ಜ್ವರ ಬಂದರೆ, ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳುವಂತೆ ಸೂಚಿಸಬೇಕು. ಹೊಸದಾಗಿ ನಡೆಯಲು ಪ್ರಾರಂಭಿಸಿದ ಕುಟುಂಬಗಳನ್ನು 1,343 ಮೀಟರ್ ಎತ್ತರದ ಕೊಡಚಾದ್ರಿಗೆ ಒಮ್ಮೆಲೇ ಹತ್ತಿಸಿ ಸುಸ್ತು ಮಾಡುವುದಕ್ಕಿಂತ, ನಗರದ ಫ್ರೀಡಂ ಪಾರ್ಕ್ ಅಥವಾ ಗಾಂಧಿ ಪಾರ್ಕಿನ ಸುತ್ತು ಸಾಕು. ಹುರುಪಿದ್ದವರಿಗೆ ಕೆಲವು ತಿಂಗಳ ಅಭ್ಯಾಸವಾದ ಮೇಲೆ ಕವಲೇದುರ್ಗದ ಕಲ್ಲುಹಾಸಿನ ದಾರಿಯಿದೆ. ಮಾರ್ಚ್‌ ನಂತರ ಬಿಸಿಲೇರುವುದರಿಂದ ನಡಿಗೆ ಬೆಳಿಗ್ಗೆ ಎಂಟರೊಳಗೆ ಮುಗಿಯಲಿ. ತುಂಗೆಯಲ್ಲಿ ಈಜಿಸುವ ಕಾರ್ಯಕ್ರಮ ಮಾತ್ರ ಯಾವ ಕಾಲದಲ್ಲೂ ಬೇಡ.

ಕ್ಯಾಂಟೀನಿನಿಂದ ಅಡುಗೆಮನೆಗೆ

ಕ್ಯಾಂಟೀನ್ ಇರುವ ಸಂಸ್ಥೆಗೆ ದಿನಕ್ಕೊಂದು ಹೊತ್ತಿನ ಊಟದ ಮೇಲೆ ಹಿಡಿತವಿರುತ್ತದೆ. ಚಹಾದಿಂದಲೇ ಲೆಕ್ಕ ಹಾಕಬಹುದು. ಒಂದು ಚಮಚ ಸಕ್ಕರೆ ಸುಮಾರು 5 ಗ್ರಾಂ; ಲೋಟಕ್ಕೆ ಎರಡು ಚಮಚದಂತೆ ದಿನಕ್ಕೆ ಮೂರು ಲೋಟ ಕುಡಿದರೆ 30 ಗ್ರಾಂ. ದಿನಕ್ಕೆ 2,000 ಕ್ಯಾಲೊರಿ ಉಣ್ಣುವವರಿಗೆ ಸೇರಿಸಿದ ಸಕ್ಕರೆ 50 ಗ್ರಾಂ ಮೀರಬಾರದು, 25ರೊಳಗಿದ್ದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಂದರೆ ಉಳಿದ ತಿಂಡಿ, ಬಿಸ್ಕತ್ತು ಲೆಕ್ಕಕ್ಕೆ ಬರುವ ಮೊದಲೇ ಚಹಾ ಒಂದೇ 25 ಗ್ರಾಂ ದಾಟಿಸುತ್ತದೆ. ಚಹಾವನ್ನು ಸಕ್ಕರೆ ಹಾಕದೆ ಕಾಯಿಸಿ, ಬೇಕಾದವರು ತಾವೇ ಹಾಕಿಕೊಳ್ಳುವಂತೆ ಡಬ್ಬಿಯನ್ನು ಪಕ್ಕದಲ್ಲಿಟ್ಟರೆ ಯಾರಿಗೂ ಒತ್ತಾಯವಾಗುವುದಿಲ್ಲ. ಊಟದ ಮೇಜಿನ ಮೇಲಿನ ಉಪ್ಪಿನ ಬಟ್ಟಲನ್ನು ಮಾತ್ರ ತೆಗೆಸಬಹುದು. ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಮಲೆನಾಡಿನವರಿಂದ ಕಿತ್ತುಕೊಳ್ಳುವ ಧೈರ್ಯ ನನಗಿಲ್ಲ, ಅದು ಬೇಕಾಗಿಯೂ ಇಲ್ಲ. ಆದರೆ ದಿನದ ಉಪ್ಪು 5 ಗ್ರಾಂನೊಳಗೆ, ಅಂದರೆ ಒಂದು ಸಣ್ಣ ಚಮಚದೊಳಗೆ ಇರಬೇಕೆಂಬುದನ್ನು ನೆನಪಿಟ್ಟು ಮಿಡಿಯನ್ನು ಅರ್ಧ ಮಾಡಿ ಬಡಿಸಬಹುದು. ಅನ್ನ ಒಂದು ಸೌಟು ಕಡಿಮೆ, ಹೆಸರುಕಾಳಿನ ಉಸಲಿ ಅಥವಾ ಸೊಪ್ಪಿನ ಪಲ್ಯ ಒಂದು ಸೌಟು ಹೆಚ್ಚು ಎಂಬ ಬದಲಾವಣೆಯನ್ನು ಜನ ಬೇಗ ಒಪ್ಪುತ್ತಾರೆ. ರುಚಿ ಹಿಡಿದ ಪಲ್ಯದ ವಿಧಾನವನ್ನು ಅಡುಗೆಯವರಿಂದಲೇ ಕೇಳಿ ಚೀಟಿಯಲ್ಲಿ ಬರೆದು ಹಂಚಿದರೆ ಅದು ಮನೆಗೂ ಹೋಗುತ್ತದೆ. ಹಂಚುವಾಗ ಹೆಂಗಸರಿಗಷ್ಟೇ ಕೊಡಬಾರದು.

ತಪಾಸಣೆ ಮತ್ತು ಗುಟ್ಟು

ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ, ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯ ಸಂಸ್ಥೆಗಳಲ್ಲಿ ತಿಂಗಳಿಗೆ ₹21,000ದವರೆಗೆ ವೇತನ ಪಡೆಯುವವರಿಗಾಗಿ ಮಾಲೀಕರು ವೇತನದ ಶೇ 3.25, ನೌಕರರು ಶೇ 0.75 ಕಟ್ಟುತ್ತಾರೆ. ಈ ಹಣದಲ್ಲಿ ಗಂಡ ಅಥವಾ ಹೆಂಡತಿ, ಮಕ್ಕಳು, ಅವಲಂಬಿತ ತಂದೆ ತಾಯಿಗೂ ಚಿಕಿತ್ಸೆ ಸಿಗುತ್ತದೆ ಎಂಬುದನ್ನು ಎಷ್ಟೋ ನೌಕರರು ತಿಳಿದಿರುವುದಿಲ್ಲ. ಅವರ ಕಾರ್ಡಿನಲ್ಲಿ ಮನೆಯವರ ಹೆಸರೇ ಸೇರಿರುವುದಿಲ್ಲ. ಹೊಸ ಯೋಜನೆಗೆ ಹಣ ಹುಡುಕುವ ಮುನ್ನ ಎಚ್‌ಆರ್ ವಿಭಾಗದವರು ಒಂದು ವಾರ ಕುಳಿತು ಈ ಹೆಸರುಗಳನ್ನು ಸೇರಿಸಿಕೊಟ್ಟರೆ ಅದೇ ದೊಡ್ಡ ಉಪಕಾರ. ಇಎಸ್‌ಐ ಇಲ್ಲದವರ ಮನೆಯಲ್ಲಿ 30 ದಾಟಿದವರಿಗೆ ಬಿಪಿ, ಶುಗರ್ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಆಗುತ್ತದೆ. ಅದಕ್ಕಾಗಿ ಅರ್ಧ ದಿನದ ರಜೆ ಕೊಟ್ಟರೆ ಸಾಕು. ದೇಶದಲ್ಲಿ 10.1 ಕೋಟಿ ಮಂದಿಗೆ ಸಕ್ಕರೆ ಕಾಯಿಲೆ ಇದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಅಧ್ಯಯನ 2023ರಲ್ಲಿ ಅಂದಾಜಿಸಿದೆ. ಮನೆಯಲ್ಲಿ ಒಬ್ಬರಿಗೆ ಇದೆಯೆಂದು ತಿಳಿದರೆ ಮನೆಯ ಅಡುಗೆಯೇ ಬದಲಾಗುತ್ತದೆ.

ಆದರೆ ಫಲಿತಾಂಶ ನೌಕರರ ಕೈಗೆ ಮಾತ್ರ ಹೋಗಬೇಕು. ಎಲ್ಲರೆದುರು ತೂಕ ನೋಡಿ ಕೂಗಿ ಹೇಳುವುದು, ಯಾರಿಗೆ ಶುಗರ್ ಇದೆ ಎಂಬ ಪಟ್ಟಿಯನ್ನು ಸೂಪರ್‌ವೈಸರಿಗೆ ಕಳುಹಿಸುವುದು, ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕುವುದು ಇವೆಲ್ಲ ಆ ಕ್ಷಣಕ್ಕೇ ಕಾರ್ಯಕ್ರಮವನ್ನು ಮುಗಿಸಿಬಿಡುತ್ತವೆ. ಸಂಸ್ಥೆಗೆ ಬೇಕಾದ ಮಾಹಿತಿ ಒಟ್ಟು ಸಂಖ್ಯೆಯಷ್ಟೇ. ಮಕ್ಕಳಿಗೆ ಹೆಜ್ಜೆ ಎಣಿಸುವ ಆ್ಯಪ್ ಹಾಕಿಸುವ ಯೋಚನೆಯಿದ್ದರೆ ಕೈಬಿಡುವುದು ಕ್ಷೇಮ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಕ್ಕಳ ಮಾಹಿತಿಗೆ ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆಯನ್ನು ಕೇಳುತ್ತದೆ.

ಬಹುಮಾನ, ಖರ್ಚು, ಪರಿಶೀಲನೆ

ಸ್ಪರ್ಧೆ ಇಡುವುದಾದರೆ ಅತಿ ಹೆಚ್ಚು ನಡೆದವರಿಗೆ ಬಹುಮಾನ ಕೊಡುವುದಕ್ಕಿಂತ, ಬಂದ ಪ್ರತಿ ಮನೆಗೂ ಒಂದೇ ಬಗೆಯ ಸಣ್ಣ ವಸ್ತು ಕೊಡುವುದು ಲೇಸು. ತೂಕ ಇಳಿಸುವ ಸ್ಪರ್ಧೆಯನ್ನಂತೂ ಇಡಲೇಬಾರದು; ಗರ್ಭಿಣಿಯರು, ಥೈರಾಯ್ಡ್ ಇರುವವರು, ಹೊಟ್ಟೆತುಂಬ ಉಣ್ಣಬೇಕಾದ ಬೆಳೆಯುವ ಮಕ್ಕಳು ಇರುವ ಮನೆಗಳಿಗೆ ಅದರಿಂದ ಕೆಡುಕೇ ಹೆಚ್ಚು.

ಖರ್ಚಿನ ವಿಷಯದಲ್ಲಿ ಲೆಕ್ಕಪತ್ರದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಯೊಂದಿದೆ: ಇದನ್ನು ಸಿಎಸ್‌ಆರ್ (ಕಂಪನಿಯ ಸಾಮಾಜಿಕ ಹೊಣೆಗಾರಿಕೆ) ನಿಧಿಯಿಂದ ಕೊಡಬಹುದೇ? ಬರುವುದಿಲ್ಲ. 2013ರ ಕಂಪನಿ ಕಾಯ್ದೆಯಡಿಯ ನಿಯಮಗಳ ಪ್ರಕಾರ ಕಂಪನಿ ತನ್ನ ನೌಕರರ ಅನುಕೂಲಕ್ಕೆಂದೇ ನಡೆಸುವ ಚಟುವಟಿಕೆ ಸಾಮಾಜಿಕ ಹೊಣೆಗಾರಿಕೆಯ ಖರ್ಚಾಗುವುದಿಲ್ಲ. ನೌಕರರ ಕಲ್ಯಾಣದ ಬಾಬಿನಲ್ಲಿಯೇ ಇದನ್ನು ಬರೆಯಬೇಕು. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಂಥ ಕಡೆ ಎಂಟು ಹತ್ತು ಮಂದಿಯ ಸಣ್ಣ ಘಟಕಗಳಿಗೆ ಒಂಟಿಯಾಗಿ ಇದೆಲ್ಲ ಸಾಧ್ಯವಿಲ್ಲ. ಆದರೆ ಅಕ್ಕಪಕ್ಕದ ನಾಲ್ಕೈದು ಮಾಲೀಕರು ಕೂಡಿ ಒಂದು ಖಾಲಿ ನಿವೇಶನವನ್ನು ಸಮತಟ್ಟು ಮಾಡಿಸಿ, ಒಂದು ನೆಟ್ಟು, ಎರಡು ದೀಪ ಹಾಕಿಸಿಕೊಂಡರೆ ಕ್ರೀಡಾಂಗಣ ಸಿದ್ಧ. ಮೈದಾನ ರಸ್ತೆಗೆ ತಾಗಿಕೊಂಡಿದ್ದರೆ ಬೇಲಿ ಮೊದಲು, ಚೆಂಡು ಆಮೇಲೆ.

ಗುತ್ತಿಗೆದಾರರ ಮೂಲಕ ಬಂದ ಹೌಸ್‌ಕೀಪಿಂಗ್, ಸೆಕ್ಯುರಿಟಿ, ಕ್ಯಾಂಟೀನ್ ನೌಕರರ ಹೆಸರು ಈ ಯೋಜನೆಗಳಲ್ಲಿ ಇರುವುದು ಅಪರೂಪ. ಎಲ್ಲರೂ ಬುಧವಾರ ಐದಕ್ಕೆ ಹೊರಟ ಮೇಲೆ ನೆಲ ಒರೆಸಲು ಉಳಿಯುವವರು ಅವರೇ. ಗುತ್ತಿಗೆ ಕರಾರನ್ನು ನವೀಕರಿಸುವಾಗ ಅರ್ಧ ಗಂಟೆಯ ಬಿಡುವನ್ನು, ಬೇರೆ ದಿನಕ್ಕಾದರೂ ಸರಿ, ಅವರಿಗೂ ಬರೆಸಬೇಕು.

ಆರು ತಿಂಗಳಿಗೊಮ್ಮೆ ಮೊದಲಿನ ಅದೇ ಪ್ರಶ್ನಾವಳಿಯನ್ನು ಮತ್ತೆ ಹಂಚಿ, ಮನೆ ಸೇರುವ ಹೊತ್ತು, ರಾತ್ರಿ ಊಟದ ಹೊತ್ತು, ಮನೆಮಂದಿ ಒಟ್ಟಿಗಿರುವ ಹೊತ್ತು ಈ ಮೂರು ಉತ್ತರಗಳನ್ನು ಹಿಂದಿನವುಗಳ ಜೊತೆ ಹೋಲಿಸಬೇಕು. ಮೈತೂಕ, ಬಿಪಿಯಂಥ ಅಂಕಿಗಳು ಅಷ್ಟು ಬೇಗ ಬದಲಾಗುವುದಿಲ್ಲ. ಅವುಗಳನ್ನು ಆಡಳಿತ ಮಂಡಳಿಗೆ ಭರವಸೆಯಾಗಿ ಕೊಡಬಾರದು. ಕಾರ್ಯಕ್ರಮಕ್ಕೆ ಯಾರು ಬರಲಿಲ್ಲ ಎಂಬುದನ್ನು ಬಂದವರ ಸಂಖ್ಯೆಗಿಂತ ಹೆಚ್ಚು ಗಮನವಿಟ್ಟು ನೋಡಬೇಕು: ರಾತ್ರಿ ಪಾಳಿಯವರೇ, ಭದ್ರಾವತಿ ಮಾರ್ಗದ ಬಸ್ಸಿನವರೇ, ಚಿಕ್ಕ ಮಕ್ಕಳ ತಾಯಂದಿರೇ ಎಂದು ಗುರುತಿಸಿದರೆ ಮುಂದಿನ ಆರು ತಿಂಗಳಲ್ಲಿ ಬದಲಿಸಬೇಕಾದದ್ದು ಯಾವ ಪಾಳಿ, ಯಾವ ಬಸ್ಸಿನ ಮಾರ್ಗ, ಯಾವ ದಿನ ಎಂಬುದು ತಿಳಿಯುತ್ತದೆ. ಮೂರು ಉತ್ತರಗಳಲ್ಲಿ ಒಂದೂ ಬದಲಾಗಿಲ್ಲವೆಂದಾದರೆ ಆಟದ ಸಾಮಾನಿಗೆ ಇನ್ನಷ್ಟು ಹಣ ಹಾಕುವುದನ್ನು ನಿಲ್ಲಿಸಿ, ಏಪ್ರಿಲ್‌ನಲ್ಲಿ ಹೊಸ ವರ್ಷದ ಬಜೆಟ್ ಬರೆಯುವಾಗ ಆ ಮೊತ್ತವನ್ನು ಎರಡನೆಯ ಬಸ್ಸಿಗೋ ವಾರದ ಎರಡನೆಯ ಅರ್ಧ ಗಂಟೆಗೋ ವರ್ಗಾಯಿಸಬೇಕು.